ನಾರುಹುಣ್ಣು ಮತ್ತು ಕುಡಿಯುವ ನೀರು: ಭಾರತದ ಅಂಕಿಗಳ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

ಶುದ್ಧ ನೀರಿನಿಂದ ಬಡ ಹಳ್ಳಿಗಳ ಬದುಕು ಸುಧಾರಿಸುತ್ತದೆ ಎಂಬುದನ್ನು ಅಲ್ಲಗಳೆಯುವವರು ಕಡಿಮೆ. ಎಷ್ಟು ಸುಧಾರಿಸಿತು ಎಂದು ಅಳೆಯುವುದು ಬೇರೆಯೇ ಕೆಲಸ. ನೀರು ಬಂದ ಊರಿಗೆ ಅದೇ ದಶಕದಲ್ಲಿ ರಸ್ತೆ, ಶಾಲೆ, ಲಸಿಕೆಗಳೂ ಬಂದಿರುತ್ತವೆ. ಈ ತೊಡಕು ತುಸು ಕಡಿಮೆಯಿರುವ ಪ್ರಕರಣ ನಾರುಹುಣ್ಣು, ಅಂದರೆ ಡ್ರಾಕಂಕ್ಯುಲಸ್ ಮೆಡಿನೆನ್ಸಿಸ್ ಹುಳುವಿನ ಸೋಂಕು. ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಅಂತರರಾಷ್ಟ್ರೀಯ ಕುಡಿಯುವ ನೀರು ಮತ್ತು ನೈರ್ಮಲ್ಯ ದಶಕ (1981–1990) ಇದರ ನಿವಾರಣೆಯನ್ನು ತನ್ನ ಪ್ರಗತಿಯ ಸೂಚಕವಾಗಿ ತೆಗೆದುಕೊಂಡದ್ದು ಬಹುಶಃ ಈ ಕಾರಣಕ್ಕೇ.

2. ಹರಡುವ ಬಗೆ ಮತ್ತು ಕಾಲದ ಅಂತರ

ಹುಣ್ಣಿನ ಕಾಲು ನೀರಿಗೆ ತಾಗಿದಾಗ ಹುಳು ಮರಿಗಳನ್ನು ಬಿಡುತ್ತದೆ. ಅವುಗಳನ್ನು ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವರಿಗೆ ಸೋಂಕು ತಗಲುತ್ತದೆ. ಹೀಗಾಗಿ ಜನ ಇಳಿದು ಕೊಡ ತುಂಬುವ ಮೆಟ್ಟಿಲು ಬಾವಿ ಅಪಾಯಕಾರಿ. ಕಟ್ಟೆಯಿದ್ದು ಹಗ್ಗದಿಂದ ಸೇದುವ ಬಾವಿ ಬಹುಮಟ್ಟಿಗೆ ಸುರಕ್ಷಿತ. ನೀರಿನ ಮೂಲ ಎರಡೂ ಕಡೆ ಒಂದೇ ಆಗಿರಬಹುದು, ನೀರಿಗಿಳಿಯುವ ದಾರಿಯಷ್ಟೇ ಬೇರೆ.

ಕುಡಿದ ಸುಮಾರು ಒಂದು ವರ್ಷದ ನಂತರ, 60ರಿಂದ 100 ಸೆಂ.ಮೀ. ಉದ್ದದ ಹೆಣ್ಣು ಹುಳು ಹೆಚ್ಚಾಗಿ ಮೊಣಕಾಲಿನ ಕೆಳಗೆ ಹೊರಬರುತ್ತದೆ. ಅಂಕಿಗಳನ್ನು ಓದುವಾಗ ಈ ಅಂತರವನ್ನು ಮರೆಯುವಂತಿಲ್ಲ: ಯಾವುದೇ ವರ್ಷದ ರೋಗಿಗಳ ಸಂಖ್ಯೆ ಹಿಂದಿನ ವರ್ಷದ ನೀರಿನ ಸ್ಥಿತಿಯನ್ನು ಹೇಳುತ್ತದೆ.

3. ದಿನಾಂಕಗಳು, ವ್ಯತ್ಯಾಸಗಳು

(ಅ) ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮದ ಆರಂಭ ಕೆಲವೆಡೆ 1983, ಕೆಲವೆಡೆ 1984 ಎಂದಿದೆ. 1983–84 ಎಂಬ ಆರ್ಥಿಕ ವರ್ಷವನ್ನು ಒಂದೇ ಇಸವಿಗೆ ಇಳಿಸಿದ್ದರಿಂದ ಈ ಗೊಂದಲ ಹುಟ್ಟಿರುವ ಸಾಧ್ಯತೆಯಿದೆ.

(ಆ) 1984ರ ರೋಗಿಗಳ ಸಂಖ್ಯೆ 39,792. ‘ಸುಮಾರು 40,000’ ಎಂಬುದು ಇದರ ದುಂಡು ರೂಪ. ಇವರು ಏಳು ರಾಜ್ಯಗಳ 89 ಜಿಲ್ಲೆಗಳ 12,840 ಗ್ರಾಮಗಳಿಗೆ ಸೇರಿದವರು. ಆ ಏಳರಲ್ಲಿ ಕರ್ನಾಟಕವೂ ಒಂದು. ಪೀಡಿತ ಗ್ರಾಮಕ್ಕೆ ಸರಾಸರಿ ಮೂವರು ರೋಗಿಗಳು ಎಂದಾಗುತ್ತದೆ. ಆದರೆ ಸೋಂಕು ಬಾವಿಯ ಸುತ್ತ ಗುಂಪುಗೂಡುವಂಥದ್ದು. ಈ ಸರಾಸರಿಯಿಂದ ಯಾವ ಊರಿನ ಚಿತ್ರವೂ ಸಿಗದು.

(ಇ) ‘ಭಾರತದಲ್ಲಿ ನಾರುಹುಣ್ಣು ಕೊನೆಗೊಂಡದ್ದು’ ಎಂಬುದಕ್ಕೆ 1996, 1997, 2000 ಎಂಬ ಮೂರು ಇಸವಿಗಳನ್ನೂ ಕೊಡಬಹುದು. ಮೂರೂ ತಪ್ಪಲ್ಲ, ಒಂದೊಂದೂ ಬೇರೆ ಘಟನೆಯದು. ಕೊನೆಯ ರೋಗಿ ವರದಿಯಾದದ್ದು ಜುಲೈ 1996ರಲ್ಲಿ, ರಾಜಸ್ಥಾನದ ಜೋಧ್‌ಪುರ ಜಿಲ್ಲೆಯಲ್ಲಿ. ರೋಗಿಗಳೇ ಇಲ್ಲದ ಮೊದಲ ಪೂರ್ಣ ವರ್ಷ 1997. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣೀಕರಣ ಫೆಬ್ರವರಿ 2000. ಪರಿಚ್ಛೇದ 2ರ ಅಂತರವನ್ನು ಅನ್ವಯಿಸಿದರೆ, ಹರಡುವಿಕೆ ನಿಂತದ್ದು ಪ್ರಾಯಶಃ 1995ರ ಮಧ್ಯಭಾಗದಲ್ಲೇ. ನೀರಿನ ಕುರಿತ ಚರ್ಚೆಗೆ ಬೇಕಾದದ್ದು ಈ ನಾಲ್ಕನೆಯ ಇಸವಿ. ಬಳಕೆಯಲ್ಲಿ ಕಡಿಮೆ ಕಾಣುವುದೂ ಅದೇ.

4. ನೀರಿನ ಪಾಲು

ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದ್ದು, ಇಂಡಿಯಾ ಮಾರ್ಕ್ 2 ಕೈಪಂಪಿನ ಬೋರ್‌ವೆಲ್‌ಗಳು ಹೆಚ್ಚಿದ್ದು ಇಳಿಕೆಯ ಮುಖ್ಯ ಕಾರಣಗಳೆಂದು ತೋರುತ್ತದೆ. ಆದರೆ ಅದೇ ಅವಧಿಯಲ್ಲಿ ನೀರಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮೆಫಾಸ್ ಹಾಕಲಾಯಿತು, ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಹೇಳಿಕೊಡಲಾಯಿತು, ರೋಗಿಗಳನ್ನು ಹುಡುಕಿ ನೀರಿಗಿಳಿಯದಂತೆ ತಡೆಯಲಾಯಿತು. ರಾಷ್ಟ್ರಮಟ್ಟದ ಮೊತ್ತಗಳಿಂದ ಇವುಗಳ ಪಾಲನ್ನು ಬೇರ್ಪಡಿಸಲಾಗದು. ಸೋಸುವ ಬಟ್ಟೆಯನ್ನು ‘ಶುದ್ಧ ನೀರಿನ ಲಭ್ಯತೆ’ಯ ಒಳಗೆ ಎಣಿಸಬೇಕೇ ಹೊರಗೆ ಎಣಿಸಬೇಕೇ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ; ಇಲ್ಲಿ ಒಳಗೆ ಎಣಿಸಲಾಗಿದೆ.

5. ದುಡಿಮೆ

ಈ ರೋಗದಿಂದ ಸಾವು ವಿರಳ. ನಷ್ಟವೆಲ್ಲ ವಾರಗಟ್ಟಲೆ ನಡೆಯಲಾಗದೆ ಮಲಗುವುದರಲ್ಲಿ. ಇದಕ್ಕೆ ಹೆಚ್ಚಾಗಿ ಉಲ್ಲೇಖಗೊಳ್ಳುವ ಆಧಾರ ಭಾರತದ್ದಲ್ಲ: ಆಗ್ನೇಯ ನೈಜೀರಿಯಾದ ಭತ್ತದ ರೈತರಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ನಷ್ಟ ಎಂಬ 1987ರ ಅಂದಾಜು. ಅದು ಲೆಕ್ಕ ಹಾಕಿದ ಮೊತ್ತವೇ ಹೊರತು ಅಳೆದದ್ದಲ್ಲ; ನಮ್ಮ ಒಣಬೇಸಾಯದ ಜಿಲ್ಲೆಗಳಿಗೆ ಅದನ್ನು ನೇರವಾಗಿ ಹೊಂದಿಸುವುದು ಉಚಿತವಲ್ಲ.

6. ಎರಡು ಮಿತಿಗಳು

ಮೊದಲನೆಯದು: ನಾರುಹುಣ್ಣಿನ ಫಲಿತಾಂಶ ಭೇದಿಗೆ ಅನ್ವಯಿಸದು. ಕೀನ್ಯಾದ ಗ್ರಾಮೀಣ ಊಟೆಗಳಿಗೆ ಕಾಂಕ್ರೀಟ್ ರಕ್ಷಣೆ ಒದಗಿಸಿ ನಡೆಸಿದ ಅಧ್ಯಯನದಲ್ಲಿ (ಕ್ರೆಮರ್ ಮತ್ತಿತರರು, 2011) ಊಟೆಯ ಬಳಿ ಮಲಮೂಲದ ಮಾಲಿನ್ಯ 66% ಇಳಿದರೆ, ಮನೆಯಲ್ಲಿಟ್ಟ ನೀರಿನಲ್ಲಿ 24% ಮಾತ್ರ. ಮಕ್ಕಳ ಭೇದಿ ಸುಮಾರು ಕಾಲುಭಾಗ ತಗ್ಗಿತು. ದಾರಿಯಲ್ಲಿ, ಕೊಡದಲ್ಲಿ ನೀರು ಮತ್ತೆ ಕೆಡುತ್ತದೆ. ಸೈಕ್ಲಾಪ್ಸ್ ಹೀಗೆ ಮರಳಿ ಸೇರುವುದಿಲ್ಲ.

ಎರಡನೆಯದು: ಹುಳುವಿಲ್ಲದ ನೀರು ಇತರ ಅರ್ಥಗಳಲ್ಲಿ ಶುದ್ಧವಾಗಿರಬೇಕಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ 10500 ಫ್ಲೋರೈಡಿಗೆ ಲೀಟರಿಗೆ 1.0 ಮಿ.ಗ್ರಾಂ. ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಾಗ 1.5 ಮಿ.ಗ್ರಾಂ. ಮಿತಿಯೆಂದೂ ಹೇಳುತ್ತದೆ. ಕರ್ನಾಟಕದ ಗಟ್ಟಿಶಿಲೆಯ ಪ್ರದೇಶಗಳ ಹಲವು ಬೋರ್‌ವೆಲ್‌ಗಳು ಇದನ್ನು ಮೀರುತ್ತವೆ. 1984ರ ಪಟ್ಟಿಯಲ್ಲಿದ್ದ ಎಷ್ಟು ಗ್ರಾಮಗಳು ಇಂದು ಫ್ಲೋರೈಡ್ ಪಟ್ಟಿಯಲ್ಲಿವೆ ಎಂಬುದು, ಎರಡೂ ಪಟ್ಟಿಗಳನ್ನು ಗ್ರಾಮಮಟ್ಟದಲ್ಲಿ, ಜಿಲ್ಲಾ ಗಡಿಗಳ ನಂತರದ ಬದಲಾವಣೆಗಳನ್ನು ಸರಿಹೊಂದಿಸಿ, ಜೋಡಿಸಿದರಷ್ಟೇ ತಿಳಿದೀತು.