ಕಿರುಚದೆ ಕೇಳೋದು ಹೆಂಗೆ? ಹೆಡ್‌ಫೋನ್ ಮತ್ತು ಮೈಕಿನ ಕಥೆ, ನಮ್ಮೂರ ಕಿವಿಯಿಂದ

ಭಾಗ 1/7: ಬಸ್ಸು, ಅಜ್ಜ ಮತ್ತು ಕುಂಯ್ ಅನ್ನೋ ಸದ್ದು

ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಲ್ಲಿ ಕಾಲೇಜಿಗೆ ಬರೋರಿಗೆ ಒಂದು ಪ್ರಶ್ನೆ. ಬಸ್ ಹತ್ತಿದಾಗ ನಿಮ್ಮ ಇಯರ್‌ಫೋನ್ ವಾಲ್ಯೂಮ್ ಎಷ್ಟಿರುತ್ತೆ? ಇಳಿಯೋ ಹೊತ್ತಿಗೆ ಎಷ್ಟಾಗಿರುತ್ತೆ?

ನಂದು ಹತ್ತುವಾಗ ಅರ್ಧ ಇರ್ತಿತ್ತು. ಗಾಂಧಿ ಸರ್ಕಲ್ ಬರೋಷ್ಟರಲ್ಲಿ ಫುಲ್. ಇಂಜಿನ್ ಸದ್ದು, ಹಾರ್ನು, ಕಂಡಕ್ಟರ್ ಸೀಟಿ, ಇವೆಲ್ಲದರ ಮೇಲೆ ಹಾಡು ಕೇಳಬೇಕಲ್ಲ. ಎರಡು ವರ್ಷ ಹಿಂಗೇ ನಡೀತು. ಹೋದ ವರ್ಷ ಒಂದು ರಾತ್ರಿ ಮಲಗಿದಾಗ ಬಲಗಿವಿಯಲ್ಲಿ ಕುಂಯ್ ಅಂತ ಸದ್ದು. ಫೋನ್ ಅನ್ಕೊಂಡೆ. ಫೋನ್ ಆಫ್ ಇತ್ತು. ಫ್ಯಾನ್ ಅನ್ಕೊಂಡೆ. ಕರೆಂಟೇ ಇರಲಿಲ್ಲ.

ಬೆಳಿಗ್ಗೆ ಅಜ್ಜನಿಗೆ ಹೇಳಿದೆ. ಅಜ್ಜನಿಗೆ ಹೇಳೋದು ಅಂದ್ರೆ ಕೂಗೋದು. "ಏನಂದಿ ಅವ್ವಾ? ಗಟ್ಟಿ ಹೇಳು." ಮೂರನೇ ಸಲ ಕೂಗಿದ ಮೇಲೆ ಅಜ್ಜ ಸ್ವಲ್ಪ ಹೊತ್ತು ಸುಮ್ನಿದ್ದು ಅಂದ್ರು: "ನಂಗೂ ಹಿಂಗೇ ಶುರುವಾಗಿತ್ತು. ಮಿಲ್ಲಿಗೆ ಸೇರಿದ ಮೂರನೇ ವರ್ಷ."

ಅಜ್ಜನಿಗೆ ಈಗ ಎಪ್ಪತ್ತೆಂಟು. ನಂಗೆ ಇಪ್ಪತ್ತು. ಲಕ್ಷಣ ಮಾತ್ರ ಒಂದೇ. ಅವತ್ತಿಂದ ಓದೋಕೆ ಶುರು ಮಾಡಿದ್ದು ಈ ಏಳು ಪೋಸ್ಟ್ ಆಗಿದೆ. ಇತಿಹಾಸವೂ ಇದೆ, ಅಂಗಡಿಗೆ ಹೋದಾಗ ಏನು ನೋಡಬೇಕು ಅನ್ನೋದೂ ಇದೆ. ನಾನು ಬಿಕಾಂ ಸ್ಟೂಡೆಂಟು, ಡಾಕ್ಟರ್ ಅಲ್ಲ, ಇಂಜಿನಿಯರೂ ಅಲ್ಲ. ಆದ್ರೆ ಕಿವಿ ನಂದೇ.

ಭಾಗ 2/7: ಮ್ಯಾಂಚೆಸ್ಟರ್ ಅನ್ನೋ ಹೆಸರಿನ ಬೆಲೆ

ದಾವಣಗೆರೆ ಅಂದ್ರೆ ಈಗ ಎಲ್ರಿಗೂ ಬೆಣ್ಣೆದೋಸೆ. ಅಜ್ಜನ ಕಾಲಕ್ಕೆ ಇದು "ಕರ್ನಾಟಕದ ಮ್ಯಾಂಚೆಸ್ಟರ್". ಹತ್ತಿ ಗಿರಣಿಗಳ ಊರು. ಸೈರನ್ ಕೂಗಿದ್ರೆ ಪಾಳಿ ಬದಲಾಯ್ತು ಅಂತ ಲೆಕ್ಕ.

ಅಜ್ಜ ಇದ್ದದ್ದು ನೇಯ್ಗೆ ವಿಭಾಗದಲ್ಲಿ. ಹಳೇ ಕಾಲದ ಪವರ್ ಲೂಮ್‌ನಲ್ಲಿ ಮರದ ಲಾಳಿ ಈ ಕಡೆಯಿಂದ ಆ ಕಡೆಗೆ ನಿಮಿಷಕ್ಕೆ ನೂರೈವತ್ತು, ಇನ್ನೂರು ಸಲ ಬಡಿಯುತ್ತೆ. ಅಂಥ ಮಗ್ಗಗಳು ಒಂದೇ ಶೆಡ್ಡಲ್ಲಿ ಸಾಲುಸಾಲಾಗಿ ಓಡಿದ್ರೆ ಸದ್ದು 95ರಿಂದ 100 ಡೆಸಿಬೆಲ್ ಆಚೀಚೆ. ದಿನಕ್ಕೆ ಎಂಟು ತಾಸು.

ಇಂಗ್ಲೆಂಡಿನ ಅಸಲಿ ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್ ಗಿರಣಿಗಳಲ್ಲೂ ಇದೇ ಕಥೆ. ಅಲ್ಲಿನ ನೇಕಾರ ಹೆಂಗಸರು ಧ್ವನಿ ಬಿಟ್ಟು ಬರೀ ತುಟಿ ಅಗಲಿಸಿ ಮಾತಾಡೋದು ಕಲಿತಿದ್ರು. ಅದಕ್ಕೆ "ಮೀ-ಮಾ" ಅಂತ ಹೆಸರೂ ಇತ್ತು. ಇದನ್ನ ಅಜ್ಜನಿಗೆ ಹೇಳಿದ್ರೆ ನಕ್ಕರು. "ನಾವೂ ಹಂಗೇ. ಟೀ ಬೇಕಾ ಅಂತ ಬಾಯಲ್ಲಿ ಕೇಳಿದವ್ರು ಯಾರು? ಬೆರಳಲ್ಲೇ."

ಸದ್ದಿನಿಂದ ಬರೋ ಕಿವುಡು ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೇರಿತ್ತು. ಅಂದ್ರೆ ಅದು ವರದಿ ಮಾಡಲೇಬೇಕಾದ ಔದ್ಯೋಗಿಕ ಕಾಯಿಲೆ.

ಇದರ ಸ್ವಭಾವ ತಿಳ್ಕೊಳ್ಳಿ. ಇದು ಮೊದಲು ತಿನ್ನೋದು 4000 ಹರ್ಟ್ಸ್ ಸುತ್ತಲಿನ ಮೇಲಿನ ಸ್ವರಗಳನ್ನ. ನಮ್ಮ ಸ, ಶ, ತ, ಕ ಗುರುತಿಗೆ ಸಿಗೋದು ಹೆಚ್ಚಾಗಿ ಮೇಲಿನ ಆ ಕಡೆಯಲ್ಲೇ. ಆ, ಊ, ಓ ಕೇಳುತ್ತೆ, ಆದ್ರೆ ಅದು "ಕಾಸು"ನೋ "ತಾಸು"ನೋ ತಿಳಿಯಲ್ಲ. ಅಜ್ಜ ಅದನ್ನೇ ಎರಡು ಮಾತಲ್ಲಿ ಹೇಳ್ತಾರೆ: "ಕೇಳ್ತೈತಿ, ತಿಳಿಯಂಗಿಲ್ಲ." ಹಂಗಾಗಿ ಎಷ್ಟು ಕೂಗಿದ್ರೂ ಅರ್ಧ ಕೆಲಸ ಆಗಲ್ಲ.

ಭಾಗ 3/7: ಮೈಕ್ ಬರೋ ಮುಂಚೆ ಹಿಂದಿನ ಸಾಲು

ನಮ್ಮೂರಿಗೆ ಇನ್ನೊಂದು ದೊಡ್ಡ ಹೆಸರು ಕಂಪನಿ ನಾಟಕ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದ್ದೇ. 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಆ ಮನೆತನದವರು.

ಮೈಕ್ ಇಲ್ಲದ ಕಾಲದ ಕಂಪನಿ ನಾಟಕ ಒಮ್ಮೆ ಊಹಿಸ್ಕೊಳ್ಳಿ. ಟೆಂಟು, ನೂರಾರು ಜನ, ಅಳೋ ಮಕ್ಕಳು. ಹಿಂದಿನ ಸಾಲಲ್ಲಿ ಚಾಪೆ ಮೇಲೆ ಕೂತವನೂ ಟಿಕೆಟ್ ಕೊಟ್ಟೇ ಬಂದಿರ್ತಾನೆ. ಅವನಿಗೂ ಮಾತು ಮುಟ್ಟಬೇಕು. ಹಂಗಾಗಿ ನಟ-ನಟಿಯರು ಎತ್ತರದ ಶ್ರುತಿಯಲ್ಲಿ ಹಾಡ್ತಿದ್ರು, ಗುಟ್ಟು ಹೇಳೋ ಮಾತನ್ನೂ ಗಟ್ಟಿಯಾಗೇ ಹೇಳ್ತಿದ್ರು. ಆಮೇಲೆ ರಂಗದ ಮೇಲೆ ತಂತಿಗೆ ಮೈಕ್ ಇಳಿಬಿಟ್ರು. ಪಾತ್ರಧಾರಿಗಳು ಮಾತಾಡೋಕೆ ಅದರ ಕೆಳಗೆ ಬಂದು ನಿಲ್ಲೋದು ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತೆ.

ಮೈಕ್ ಹುಟ್ಟಿದ್ದು ಟೆಲಿಫೋನಿಗಾಗಿ. 1877ರಲ್ಲಿ ಅಮೆರಿಕದಲ್ಲಿ ಎಮಿಲ್ ಬರ್ಲಿನರ್, ಥಾಮಸ್ ಎಡಿಸನ್ ಇಬ್ಬರೂ ಅದರ ಮೇಲೆ ಕೆಲಸ ಮಾಡ್ತಿದ್ರು. ಎಡಿಸನ್‌ನ ಇಂಗಾಲದ ಮೈಕ್ ಹತ್ತಾರು ವರ್ಷ ಫೋನಲ್ಲಿ ಉಳೀತು. ನಮ್ಮ ದೇಶದ ಸಭೆಗಳಿಗೆ ಧ್ವನಿವರ್ಧಕ ತಂದವರಲ್ಲಿ ದೊಡ್ಡ ಹೆಸರು ನಾನಿಕ್ ಮೋಟ್ವಾನೆ ಅವರ ಶಿಕಾಗೋ ರೇಡಿಯೋ. ಗಾಂಧೀಜಿ, ನೆಹರು ಸಭೆಗಳ ಹಳೇ ಫೋಟೋ ನೋಡಿ, ಮೈಕಿನ ಮೇಲೆ ಆ ಹೆಸರು ಕಾಣುತ್ತೆ.

1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಲೆಕ್ಟ್ರೆಟ್ ಮೈಕ್ ಮಾಡಿದ್ರು. ಸಣ್ಣದು, ಅಗ್ಗದ್ದು. ನಿಮ್ಮ ವೈರ್ ಇಯರ್‌ಫೋನಿನ ಬಟನ್ ಹತ್ರ ಸೂಜಿ ತೂತಿನಷ್ಟು ಒಂದು ರಂಧ್ರ ಇದೆಯಲ್ಲ, ಅದರ ಹಿಂದಿರೋದು ಈ ವಂಶದ್ದೇ.

ಒಂದು ಮಾತು ನೆನಪಿಟ್ಕೊಳ್ಳಿ. ಮೈಕ್ ಬಂದಿದ್ದು ಮನುಷ್ಯ ಮೆಲ್ಲಗೆ ಮಾತಾಡ್ಲಿ ಅಂತ. ಸುಗಮ ಸಂಗೀತದ ಮೆಲುದನಿ ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಮುಟ್ಟೋದು ಕಷ್ಟವೇ ಇತ್ತು.

ಭಾಗ 4/7: ಅಡುಗೆಮನೆಯಲ್ಲಿ ಹುಟ್ಟಿದ ಹೆಡ್‌ಫೋನ್

1880ರ ದಶಕದಲ್ಲಿ ಟೆಲಿಫೋನ್ ಆಪರೇಟರ್‌ಗಳಿಗಾಗಿ ಎಜ್ರಾ ಗಿಲಿಲ್ಯಾಂಡ್ ಒಂದು ಸಾಧನ ಮಾಡಿದ. ಒಂದೇ ಕಿವಿಗೆ, ಹೆಗಲ ಮೇಲೆ ಹೊರೋದು. ಇಡೀ ದಿನ ಅದನ್ನ ಹೊತ್ತು ಕೂತವರ ಕುತ್ತಿಗೆ ಏನಾಗಿರಬೇಕು ಅನ್ನೋದು ನಿಮಗೇ ಬಿಟ್ಟೆ.

1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ತನ್ನ ಅಡುಗೆಮನೆಯಲ್ಲಿ ಕೈಯಿಂದ ಮಾಡಿದ ಹೆಡ್‌ಫೋನನ್ನ ನೌಕಾಪಡೆಗೆ ಕಳಿಸಿದ. ರೇಡಿಯೋದಲ್ಲಿ ಬರೋ ತೀರಾ ಸಣ್ಣ ಸಂಕೇತ ಅದರಲ್ಲಿ ಸ್ಪಷ್ಟವಾಗಿ ಕೇಳ್ತು. ನೌಕಾಪಡೆ ಆರ್ಡರ್ ಕೊಡ್ತು. ಅವನ ಅಡುಗೆಮನೆಯಿಂದ ಒಂದು ಸಲಕ್ಕೆ ಹತ್ತೇ ಬರ್ತಿದ್ವಂತೆ. ತಲೆಗೆ ಒತ್ತುತ್ತೆ ಅನ್ನೋ ದೂರು ಬಂದಾಗ ಚರ್ಮ ಸುತ್ತಿದ ಎರಡು ಸರಳಿನ ಪಟ್ಟಿ ಮಾಡಿ, ಅವರವರ ತಲೆಗೆ ಹೊಂದಿಸ್ಕೊಳ್ಳೋ ಹಂಗೆ ಮಾಡಿದ ಅಂತ ಹೇಳ್ತಾರೆ.

ಗಮನಿಸಿ, ಮೊದಲ ಗಿರಾಕಿ ಕೇಳಿದ್ದು ಎರಡೇ. ಸಣ್ಣ ಸದ್ದು ಕೇಳಬೇಕು, ತಲೆ ನೋಯಬಾರದು. ಬೇಸ್ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ.

1920ರ ದಶಕದ ಕ್ರಿಸ್ಟಲ್ ರೇಡಿಯೋಗೆ ಬ್ಯಾಟರಿಯೇ ಬೇಡ. ಹಂಗಾಗಿ ಸ್ಪೀಕರ್ ಓಡಿಸೋ ಶಕ್ತಿಯೂ ಇಲ್ಲ, ಹೆಡ್‌ಫೋನ್ ಹಾಕ್ಕೊಂಡೇ ಕೇಳಬೇಕು. ನಮ್ಮ ನಾಡಲ್ಲಿ 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿ "ಆಕಾಶವಾಣಿ" ಅಂತ ಹೆಸರಿಟ್ರು. ಮನಃಶಾಸ್ತ್ರದ ಮೇಷ್ಟ್ರು, ಮನೆ, ಒಂದು ಮೈಕು. ಈಗಿನ ಪಾಡ್‌ಕಾಸ್ಟ್ ಮಾಡೋರ ಮುತ್ತಾತ ಅನ್ನಬಹುದಲ್ವಾ?

ಭಾಗ 5/7: ಹರಿಹರೇಶ್ವರ ಮತ್ತು ಸ್ಟೀರಿಯೋ

ನಮ್ಮ ಹರಿಹರೇಶ್ವರನ ಮೂರ್ತಿ ನೋಡಿದೀರಲ್ಲ? ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಎರಡೂ ಸೇರಿ ಒಂದೇ ದೇವರು. ಸ್ಟೀರಿಯೋ ನಂಗೆ ಅರ್ಥ ಆಗಿದ್ದು ಹಿಂಗೇ. ಎಡಗಿವಿಗೆ ಒಂದು ಸದ್ದು, ಬಲಗಿವಿಗೆ ಸ್ವಲ್ಪ ಬೇರೆ ಸದ್ದು, ತಲೆಯೊಳಗೆ ಕೂಡಿ ಒಂದೇ ಹಾಡು.

1958ರಲ್ಲಿ ಅಮೆರಿಕದ ಜಾನ್ ಕಾಸ್ ಸಂಗೀತಕ್ಕಾಗೇ ಸ್ಟೀರಿಯೋ ಹೆಡ್‌ಫೋನ್ ತಂದ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414 ಬಂತು. ಹಗುರ, ಹಿಂಬದಿ ತೆರೆದಿದ್ದು, ಹಳದಿ ಸ್ಪಂಜಿನ ದಿಂಬು. 1979ರ ಜುಲೈ 1ರಂದು ಜಪಾನಿನಲ್ಲಿ ಸೋನಿ ವಾಕ್‌ಮನ್ ಮಾರಾಟಕ್ಕೆ ಬಂತು. ಅದರ ಜೊತೆ ಬಂದ ಹೆಡ್‌ಫೋನ್ ಐವತ್ತು ಗ್ರಾಮಿನ ಆಸುಪಾಸು. ಹಾಡು ಮನೆ ಬಿಟ್ಟು ರಸ್ತೆಗೆ ಬಂದಿದ್ದು ಅವತ್ತು. ನಮ್ಮ ಕಷ್ಟ ಶುರುವಾಗಿದ್ದೂ ಅವತ್ತೇ, ಯಾಕಂದ್ರೆ ರಸ್ತೆಯಲ್ಲಿ ಗದ್ದಲ ಇರುತ್ತೆ, ಗದ್ದಲ ಇದ್ರೆ ಕೈ ವಾಲ್ಯೂಮ್ ಕಡೆಗೇ ಹೋಗುತ್ತೆ.

ಇದಕ್ಕೊಂದು ಉತ್ತರ ಹುಡುಕಿದವರು ಅಮರ್ ಬೋಸ್. ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರ. 1978ರಲ್ಲಿ ವಿಮಾನದಲ್ಲಿ ಹೆಡ್‌ಫೋನ್ ಹಾಕ್ಕೊಂಡ್ರೆ ಇಂಜಿನ್ ಸದ್ದಲ್ಲಿ ಸಂಗೀತವೇ ಕೇಳಲಿಲ್ಲ. ಅಲ್ಲೇ ಕೂತು ಲೆಕ್ಕ ಹಾಕೋಕೆ ಶುರು ಮಾಡಿದ್ರು. ಹೊರಗಿನ ಸದ್ದನ್ನ ಮೈಕ್ ಕೇಳಿಸ್ಕೊಳ್ಳುತ್ತೆ, ಅದರ ತದ್ವಿರುದ್ಧ ಅಲೆಯನ್ನ ಸ್ಪೀಕರ್ ಬಿಡುತ್ತೆ, ಎರಡೂ ಡಿಕ್ಕಿ ಹೊಡೆದು ಸದ್ದು ಕಮ್ಮಿ ಆಗುತ್ತೆ. 1989ರಲ್ಲಿ ಅವರ ಕಂಪನಿ ಪೈಲಟ್‌ಗಳ ಹೆಡ್‌ಸೆಟ್ ತಂತು. ಈಗ ಡಬ್ಬಿ ಮೇಲೆ ಎಎನ್‌ಸಿ ಅಂತ ಬರೆದಿರೋದು ಇದನ್ನೇ. ಇಂಜಿನಿನಂಥ ಒಂದೇ ಸಮನೆ ಗುಂಯ್‌ಗುಡೋ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಪಕ್ಕದ ಸೀಟಿನವರ ಮಾತಿಗೆ ಅಷ್ಟಿಲ್ಲ.

ಭಾಗ 6/7: ಅಂಗಡಿಗೆ ಹೋದಾಗ

ಮೊದಲು ನನ್ನ ಅಕೌಂಟ್ಸ್. ಹದಿನಾಲ್ಕು ತಿಂಗಳಲ್ಲಿ 199 ರೂಪಾಯಿಯ ಐದು ಇಯರ್‌ಫೋನ್, ಒಟ್ಟು 995. ಒಂದೂ ಉಳಿದಿಲ್ಲ. ಅದೇ ದುಡ್ಡಿಗೆ ಒಂದು ಒಳ್ಳೇದು ಬರ್ತಿತ್ತು. ಡಿಪ್ರಿಸಿಯೇಷನ್ ಪಾಠದಲ್ಲಿ ನಂಗೆ ಫುಲ್ ಮಾರ್ಕ್ಸು, ಜೀವನದಲ್ಲಿ ಸೊನ್ನೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದೊಡ್ಡವರಿಗೆ 80 ಡೆಸಿಬೆಲ್, ವಾರಕ್ಕೆ 40 ತಾಸು. ಪ್ರತಿ 3 ಡೆಸಿಬೆಲ್ ಹೆಚ್ಚಾದ್ರೆ ಸಮಯ ಅರ್ಧ. 90ಕ್ಕೆ ವಾರಕ್ಕೆ ನಾಲ್ಕೇ ತಾಸು. ಇದು ನೆನಪಿದ್ರೆ ಆಯ್ಕೆ ಸುಲಭ. ಕಮ್ಮಿ ವಾಲ್ಯೂಮಿನಲ್ಲಿ ಚೆನ್ನಾಗಿ ಕೇಳೋದೇ ಒಳ್ಳೇ ಹೆಡ್‌ಫೋನ್.

ಬಸ್ಸಿಗೆ: ರಬ್ಬರ್ ಬುಶ್ ಇರೋ, ಕಿವಿಯೊಳಗೆ ಕೂರೋ ಇಯರ್‌ಫೋನ್. ಡಬ್ಬಿಯಲ್ಲಿ ಮೂರು ಸೈಜ್ ಬುಶ್ ಇರುತ್ತೆ, ಮೂರೂ ಹಾಕಿ ನೋಡಿ. ಎಡಕ್ಕೊಂದು ಬಲಕ್ಕೊಂದು ಸೈಜ್ ಬೇಕಾದ್ರೂ ತಪ್ಪಿಲ್ಲ. ಸರಿಯಾಗಿ ಕೂತ್ರೆ ಹೊರಗಿನ ಸದ್ದು ತಾನೇ ಕಮ್ಮಿ, ಬೇಸ್ ತಾನೇ ಜಾಸ್ತಿ. ರಸ್ತೆ ದಾಟುವಾಗ ಮಾತ್ರ ತೆಗೀರಿ.

ಮನೆಯಲ್ಲಿ ಓದೋಕೆ: ಕಿವಿ ಸುತ್ತ ಪೂರ್ತಿ ಮುಚ್ಚೋ ಹೆಡ್‌ಫೋನ್. ಅಂಗಡಿಯಲ್ಲಿ ಹತ್ತು ನಿಮಿಷ ಹಾಕ್ಕೊಂಡೇ ಇರಿ, ಅಂಗಡಿಯವರು ಗುರಾಯಿಸಿದ್ರೂ ಪರವಾಗಿಲ್ಲ. ನೆತ್ತಿ ಒತ್ತುತ್ತಾ, ಕನ್ನಡಕದ ಕಾಲು ಚುಚ್ಚುತ್ತಾ ನೋಡಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ರೆಕ್ಸಿನ್ ದಿಂಬು ಬೆವರುತ್ತೆ, ಬಟ್ಟೆಯದ್ದು ವಾಸಿ. ದಿಂಬು ಬದಲಾಯಿಸೋಕೆ ಬರುತ್ತಾ ಅಂತಲೂ ಕೇಳಿ.

ಪರೀಕ್ಷೆಗೆ: ಅಂಗಡಿಯವರ ಡೆಮೋ ಹಾಡು ಬೇಡ. ನಿಮಗೆ ಬಾಯಿಪಾಠ ಇರೋ ಹಾಡು ಹಾಕಿ, ವಾಲ್ಯೂಮ್ ಅರ್ಧಕ್ಕಿಡಿ, ಸಾಹಿತ್ಯದ ಒಂದೊಂದು ಅಕ್ಷರ ಬಿಡಿಸಿ ಕೇಳುತ್ತಾ ನೋಡಿ. "ಎಕ್ಸ್‌ಟ್ರಾ ಬೇಸ್" ಮಾತನ್ನ ಮುಚ್ಚಿಹಾಕಿದ್ರೆ ಕೈ ಮತ್ತೆ ವಾಲ್ಯೂಮಿಗೇ ಹೋಗುತ್ತೆ.

ಭಾಗ 7/7: ಮೈಕು, ಅತ್ತೆ, ಅಜ್ಜ

ಮೈಕಿನ ಗುಟ್ಟು ದೂರದಲ್ಲಿದೆ. ಬಾಯಿಂದ ಮೈಕಿನ ದೂರ ಎರಡರಷ್ಟಾದ್ರೆ ನಿಮ್ಮ ಧ್ವನಿ ಸುಮಾರು 6 ಡೆಸಿಬೆಲ್ ಬೀಳುತ್ತೆ, ಕೋಣೆಯ ಫ್ಯಾನ್ ಸದ್ದು ಅಷ್ಟೇ ಇರುತ್ತೆ. ಹಂಗಾಗಿ ದೂರದ ದುಬಾರಿ ಮೈಕಿಗಿಂತ ಹತ್ರದ ಸಾದಾ ಮೈಕ್ ಎಷ್ಟೋ ಮೇಲು. ತುಟಿ ಎದುರಿಗೇ ಬೇಡ, "ಪ" "ಭ" ಅಂದಾಗ ಗಾಳಿ ಬಡಿಯುತ್ತೆ. ಬಾಯಿ ಪಕ್ಕಕ್ಕೆ ನಾಲ್ಕು ಬೆರಳು ದೂರ ಸಾಕು. ವೈರಿನ ಮೈಕ್ ಕಾಲರಿಗೆ, ದುಪಟ್ಟಾಗೆ ಉಜ್ಜದಂತೆ ನೋಡ್ಕೊಳ್ಳಿ. ಬ್ಲೂಟೂತಿನಲ್ಲಿ ಮೈಕ್ ಆನ್ ಆದ್ರೆ ಸಾಮಾನ್ಯವಾಗಿ ಕೇಳೋ ಸದ್ದಿನ ಗುಣಮಟ್ಟವೂ ಇಳಿಯುತ್ತೆ. ಆನ್‌ಲೈನ್ ಇಂಟರ್‌ವ್ಯೂ ಇದ್ರೆ ವೈರೇ ಹಾಕ್ಕೊಳ್ಳಿ.

ಈಗ ಮನೆ ವಿಷಯ. ಪುಣೆಯಲ್ಲಿರೋ ನಮ್ಮತ್ತೆ ಅಜ್ಜನಿಗೆ ಫೋನ್ ಮಾಡೋದೇ ಕಮ್ಮಿ ಮಾಡಿದ್ರು. ಮಾಡಿದ್ರೂ ಅಜ್ಜ "ಹೂಂ, ಹೂಂ" ಅಂತ ಹೇಳಿ ಫೋನ್ ನಮಗೆ ಕೊಡ್ತಿದ್ರು. ನಾನು ಓದೋಕೆ ಅಂತ ತಂದ ಹೆಡ್‌ಫೋನನ್ನ ಒಂದು ಭಾನುವಾರ ಅಜ್ಜನ ತಲೆಗೆ ಹಾಕಿದೆ. ಈಕ್ವಲೈಜರಿನಲ್ಲಿ ಬೇಸ್ ಇಳಿಸಿ, ಮೇಲಿನ ಸ್ವರ ಸ್ವಲ್ಪ ಏರಿಸಿದೆ. ಅತ್ತೆಗೆ, "ಸ್ಪೀಕರ್ ಫೋನ್ ಬೇಡ, ಮೈಕ್ ಬಾಯಿ ಹತ್ರ ಹಿಡಿರಿ, ಕೂಗಬೇಡ್ರಿ, ನಿಧಾನಕ್ಕೆ ಮಾತಾಡ್ರಿ" ಅಂದೆ.

ಅತ್ತೆ ಕೇಳಿದ್ರು, "ಊಟ ಆತೇನಪ್ಪಾ?"

ಅಜ್ಜ ಮೆಲ್ಲಗೆ, ತೀರಾ ಮೆಲ್ಲಗೆ ಅಂದ್ರು, "ಆತವ್ವಾ. ನಿಂದು?"

ಅಜ್ಜ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ನಾನು ಹುಟ್ಟಿದ ಮೇಲೆ ಕೇಳಿರಲೇ ಇಲ್ಲ. ಅವ್ವ ಅಡುಗೆಮನೆಯಿಂದ ಹೊರಗೆ ಬಂದು ನೋಡಿದ್ಲು.

ಹೆಡ್‌ಫೋನ್ ಶ್ರವಣ ಸಾಧನ ಅಲ್ಲ, ಇದನ್ನ ಮರೀಬೇಡಿ. ಅಜ್ಜನನ್ನೂ ನನ್ನನ್ನೂ ಪರೀಕ್ಷೆಗೆ ಕರ್ಕೊಂಡು ಹೋದ್ರು. ಅಜ್ಜನಿಗೆ ಶ್ರವಣ ಸಾಧನ ಹಾಕಿ ನೋಡೋದು ಮುಂದಿನ ತಿಂಗಳು. ನಂದು ಇನ್ನೂ ಬಚಾವು, ಕುಂಯ್ ಸದ್ದು ಮಾತ್ರ ಆಗಾಗ ಬರುತ್ತೆ. ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶ ಸತ್ರೆ ಮತ್ತೆ ಹುಟ್ಟಲ್ಲ. ಅನುಮಾನ ಇದ್ರೆ ಹತ್ತಿರದ ಕಿವಿ-ಮೂಗು-ಗಂಟಲು ಡಾಕ್ಟರ್‌ಗೆ ತೋರಿಸಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಅಜ್ಜನಿಗೆ ಮಗ್ಗದ ಸದ್ದು ಕಮ್ಮಿ ಮಾಡೋ ಬಟನ್ ಇರಲಿಲ್ಲ. ನಮ್ಮ ಕೈಯಲ್ಲಿದೆ. ನಾಳೆ ಬಸ್ ಹತ್ತಿದಾಗ ಎರಡು ಪಾಯಿಂಟ್ ಇಳಿಸಿ ನೋಡ್ರಿ.

ನಿಮ್ಮ ಮನೆಯಲ್ಲೂ ಮಿಲ್ಲಿಗೆ, ಕಾರ್ಖಾನೆಗೆ ಹೋಗ್ತಿದ್ದ ಅಜ್ಜ, ಅಪ್ಪ ಇದ್ರೆ ಅವರ ಕಿವಿಯ ಕಥೆ ಕಮೆಂಟಲ್ಲಿ ಬರೀರಿ. ನಾನು ಅಜ್ಜನಿಗೆ ಓದಿ ಹೇಳ್ತೀನಿ. ಕೂಗದೇನೇ.

#ದಾವಣಗೆರೆ #ಹರಿಹರ #ನಮ್ಮೂರಇತಿಹಾಸ #ಕಿವಿಜೋಪಾನ