ಆಟದ ಬಯಲು, ಹಾಡಿನ ಪಾಠ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು 1939ರಲ್ಲಿ ಮಂಡ್ಯ ಜಿಲ್ಲೆ ರಚನೆಯಾಗುವವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದವು. ಆದುದರಿಂದ ಇಲ್ಲಿಯ ಸರ್ಕಾರಿ ಪ್ರೌಢಶಾಲೆಗಳ ಕ್ರೀಡೆ, ಸಂಗೀತಗಳ ಮೂಲವನ್ನು ನಾವು ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಅರಸಬೇಕು.

ಅಂದು ಬಸವಪ್ಪ ಶಾಸ್ತ್ರಿಗಳ 'ಕಾಯೌ ಶ್ರೀಗೌರಿ' ಸಂಸ್ಥಾನದ ನಾಡಗೀತೆಯಾಗಿತ್ತು. 2004ರಿಂದ ಕುವೆಂಪುರವರ 'ಜಯ ಭಾರತ ಜನನಿಯ ತನುಜಾತೆ' ಆ ಸ್ಥಾನದಲ್ಲಿದೆ. ಅರಸೊತ್ತಿಗೆ ಅಳಿಯಿತು, ಮಕ್ಕಳು ಕೂಡಿ ಹಾಡುವ ಪದ್ಧತಿ ಉಳಿಯಿತು.

ಕ್ರೀಡೆಯ ವಿಷಯದಲ್ಲಿ, 1920ರಲ್ಲಿ ಹ್ಯಾರಿ ಬಕ್ ಎಂಬವರು ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಸಂಸ್ಥೆಯಿಂದ ದಕ್ಷಿಣ ಭಾರತದಲ್ಲಿ ಶಿಕ್ಷಕರ ತರಬೇತಿಗೆ ಭದ್ರ ನೆಲೆ ದೊರೆಯಿತು. ನಮ್ಮ ರೈತಮಕ್ಕಳಿಗೋ ಕಬಡ್ಡಿ, ಖೋ ಖೋ ಆಟಗಳು ಒಗ್ಗಿದವು. ಅವಕ್ಕೆ ಬಯಲೊಂದಿದ್ದರೆ ಸಾಕು, ಹಣ ಬೇಕಿಲ್ಲ.

ಒಂದೇ ತಂಡದಲ್ಲಿ ಓಡುವಾಗಲೂ ಒಂದೇ ಸ್ವರದಲ್ಲಿ ಹಾಡುವಾಗಲೂ ಜಾತಿಮತಗಳ ಗೋಡೆ ತಗ್ಗುವುದನ್ನು ನಾವು ಕಂಡಿದ್ದೇವೆ. ಆದರೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾದಂತೆ ಮೊದಲು ಬಲಿಯಾಗುವುದು ಈ ಎರಡು ಪಾಠಗಳೇ. ಅಂಕಪಟ್ಟಿ ಕೊಡಲಾರದ ಸಹಬಾಳ್ವೆಯನ್ನು ಇವು ಕಲಿಸುತ್ತವೆ. ಪೋಷಕರೂ ಹಳೆಯ ವಿದ್ಯಾರ್ಥಿಗಳೂ ಇವನ್ನು ಉಳಿಸಿಕೊಡಬೇಕೆಂಬುದು ನಮ್ಮ ಪ್ರಾರ್ಥನೆ.