ಹೋಗಿ ಬರುತ್ತೇನೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೊಸ ಹೆದ್ದಾರಿಯನ್ನು ಕಟ್ಟುವಾಗ ಅದನ್ನು ಎರಡು ಭಾಗ ಮಾಡಿಕೊಂಡಿದ್ದರು. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿಲೋಮೀಟರು ಒಂದು ಭಾಗ, ನಿಡಘಟ್ಟದಿಂದ ಮೈಸೂರಿನವರೆಗೆ 61 ಕಿಲೋಮೀಟರು ಇನ್ನೊಂದು. 2023ರ ಮಾರ್ಚ್ ತಿಂಗಳಲ್ಲಿ ಹೆದ್ದಾರಿಯ ಉದ್ಘಾಟನೆಯಾಗುವ ತನಕ ನಮ್ಮ ಊರಿನ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿತು. ಮದ್ದೂರು ತಾಲ್ಲೂಕಿನ ಅಂಚಿನ ಒಂದು ಹಳ್ಳಿಗೆ ಇಷ್ಟು ಪ್ರಸಿದ್ಧಿ ಸಾಕು. ಈಗ ಗಾಡಿಗಳು ನಮ್ಮತ್ತ ತಿರುಗಿಯೂ ನೋಡದೆ ಓಡುತ್ತವೆ. ದಾರಿಯ ಮಗ್ಗುಲಲ್ಲಿದ್ದವರಿಗೆ ಹೋಗುವವರನ್ನೂ ಬರುವವರನ್ನೂ ನೋಡುತ್ತ ಕೂರುವುದು ಹುಟ್ಟಿನಿಂದ ಬಂದ ಅಭ್ಯಾಸ. ಈ ಲೇಖನವೂ ಅಂಥದೇ ಒಂದು ಅಭ್ಯಾಸದ ಫಲ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ನಮ್ಮ ಬೀದಿಯ ರೈತರೊಬ್ಬರು ಮನೆಗೆ ಬಂದರು. ಅವರ ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ವಿನ್ಯಾಸದ ವ್ಯಾಸಂಗ ಮಾಡುತ್ತಿದ್ದಾಳೆ. ಆಟಿಕೆ, ಕುರ್ಚಿ, ಪಾತ್ರೆ ಮೊದಲಾದ ಬಳಕೆಯ ವಸ್ತುಗಳಿಗೆ ರೂಪ ಕೊಡುವ ವಿದ್ಯೆ ಅದು. ಆ ಕಾಲೇಜಿಗೂ ಜರ್ಮನಿಯ ಒಂದು ಕಾಲೇಜಿಗೂ ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದವಿದೆ. ಹುಡುಗಿಗೆ ಅಲ್ಲಿ ಐದು ತಿಂಗಳು ಕಲಿಯುವ ಅವಕಾಶ ಬಂದಿತ್ತು. ಬೋಧನ ಶುಲ್ಕ ಬೇರೆ ಕೊಡಬೇಕಾಗಿಲ್ಲ; ಪ್ರಯಾಣ, ವಸತಿ, ಊಟದ ಖರ್ಚು ಮಾತ್ರ ಮನೆಯವರದು. ಆದರೆ ಆ ‘ಮಾತ್ರ’ವೇ ಒಬ್ಬ ರೈತನಿಗೆ ಸಣ್ಣದಲ್ಲ.

“ಏನ್ ಮೇಷ್ಟ್ರೇ, ಗದ್ದೆ ಮ್ಯಾಲೆ ಸಾಲ ಎತ್ತಿ ಕಳಿಸ್ಲಾ? ಬೊಂಬೆ ಮಾಡೋದ ಕಲಿಯಕೆ ಜರ್ಮನೀಗೆ ಯಾಕೋಗ್ಬೇಕು? ಚನ್ನಪಟ್ಣ ಇಲ್ಲೇ ಪಕ್ಕದಲ್ಲೇ ಅದೆಯಲ್ಲಾ” ಎಂದರು.

ನಾನು ಕನ್ನಡದ ಅಧ್ಯಾಪಕ. ವಿನ್ಯಾಸದ ವಿಷಯ ನನಗೆ ತಿಳಿದದ್ದು ಅಷ್ಟಕ್ಕಷ್ಟೆ. ಎರಡು ದಿನ ಸಮಯ ಕೇಳಿ ಅವರನ್ನು ಕಳುಹಿಸಿಕೊಟ್ಟೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೈಕಸುಬಿನ ವಿದ್ಯೆಗಾಗಿ ನಮ್ಮ ನಾಡಿನವರು ಹಿಂದೆ ಊರು ಬಿಟ್ಟು ಹೋದದ್ದುಂಟೆ? ಹೋದವರು ಏನು ತಂದರು? ತಂದದ್ದು ಇಲ್ಲಿ ಬೇರೂರಿತೆ? ಗದ್ದೆಯ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲು ಈ ಪ್ರಶ್ನೆಗಳನ್ನು ದಾಟಬೇಕಾಗಿತ್ತು.

ವಿದ್ಯೆಗಾಗಿ ಅಲೆಯುವುದು ನಮ್ಮ ಕುಶಲಿಗರಿಗೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿಕೊಂಡಿದ್ದಾರೆ. ಅವರಲ್ಲಿ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವೆಯವರು. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಆಗ ಅದು ಚಾಲುಕ್ಯರ ಬನವಾಸಿ ನಾಡಿನ ಹಿರಿಯ ಪಟ್ಟಣ. ಒಂದು ಸೀಮೆಯಲ್ಲಿ ಪಳಗಿದ ಕೈ ಇನ್ನೊಂದು ಸೀಮೆಯ ಕಲ್ಲಿನ ಮೇಲೆ ಆಡಿದ್ದರಿಂದ ಬೇಲೂರು ಬೇಲೂರಾಯಿತು. ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ನಂದಿಯ ಬೈಚೋಜನೂ ಮಲ್ಲಿತಮ್ಮನೂ ಕೆಲಸ ಮಾಡಿದರು. ಅದೇ ಮಲ್ಲಿತಮ್ಮನ ಹೆಸರು ಮುಂದೆ ಸೋಮನಾಥಪುರದಲ್ಲಿಯೂ ಕಾಣುತ್ತದೆ. ಕುಶಲಿಗನು ನಡೆದಷ್ಟು ದೂರ ಕುಶಲತೆಯೂ ನಡೆಯಿತು.

ಇನ್ನು ನಮ್ಮ ಪಕ್ಕದ ಚನ್ನಪಟ್ಟಣಕ್ಕೆ ಬರೋಣ. ಅದೇನೋ ನೆಲದಿಂದ ತಾನೇ ಮೊಳೆತ ಕಲೆ ಎಂದು ನಾವೆಲ್ಲ ತಿಳಿದಿದ್ದೇವೆ. ಮರವೇನೋ ಇಲ್ಲಿಯದೇ, ಹಾಲೆಮರ. ಬೆಳ್ಳಗೆ, ಹಗುರವಾಗಿ, ನುಣುಪಾಗಿ ಬರುವ ಮರ. ಅದನ್ನು ಚೆನ್ನಾಗಿ ಒಣಗಿಸಿ, ಲೇತಿಗೆ ಕಚ್ಚಿಸಿ ಉಳಿ ಹಿಡಿದು ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಮೇಲೆ ತಾಳೆಗರಿಯನ್ನು ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು. ನೋಡುವುದಕ್ಕೆ ಐದು ನಿಮಿಷದ ಕೆಲಸ, ಕಲಿಯುವುದಕ್ಕೆ ವರ್ಷಗಳು ಬೇಕು.

ಈ ವಿದ್ಯೆಯ ಮೂಲವನ್ನು ಕುಶಲಿಗರನ್ನೇ ಕೇಳಿದರೆ ಅವರು ದೂರದ ಕಡೆಗೆ ಕೈ ತೋರಿಸುತ್ತಾರೆ. ಟಿಪ್ಪೂ ಸುಲ್ತಾನನು ಪಾರಸಿಕ ದೇಶದಿಂದ ಕಸುಬುದಾರರನ್ನು ಕರೆಸಿದನೆಂಬುದು ಒಂದು ಹೇಳಿಕೆ. ಮುಂದೆ ಬಾವಾಸ್ ಮಿಯಾನ್ ಎಂಬವರು ಜಪಾನಿನ ಕ್ರಮವನ್ನು ಇಲ್ಲಿ ಅಳವಡಿಸಿ ಕಸುಬನ್ನು ಸುಧಾರಿಸಿದರೆಂಬುದು ಇನ್ನೊಂದು. ಅವರನ್ನು ಚನ್ನಪಟ್ಟಣದ ಬೊಂಬೆಗಳ ಪಿತಾಮಹನೆಂದೇ ಕರೆಯುತ್ತಾರೆ. ತಮ್ಮ ಕಸುಬಿನ ಹೆಮ್ಮೆಯನ್ನು ಹೇಳಿಕೊಳ್ಳುವಾಗ, “ಇದು ಹೊರಗಿನಿಂದ ಬಂದದ್ದು” ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ಹೊರಗಿನಿಂದ ಬಂದದ್ದು ನಮ್ಮದಾದ ಬಗೆಯೇ ಅವರ ಹೆಮ್ಮೆ.

ಬೊಂಬೆಗಳ ಚರಿತ್ರೆಯೇ ಹಾಗೆ. ಒಂದರ ಹೊಟ್ಟೆಯೊಳಗೆ ಇನ್ನೊಂದು ಕೂರುವ ಮರದ ಬೊಂಬೆಯನ್ನು ನಾವು ರಷ್ಯದ ಬೊಂಬೆ ಎನ್ನುತ್ತೇವೆ. ಅದನ್ನು 1890ರ ದಶಕದಲ್ಲಿ ಮಲ್ಯೂತಿನ್ ಎಂಬ ಚಿತ್ರಗಾರ ಬರೆದು, ಜ್ವ್ಯೋಜ್ದೋಚ್ಕಿನ್ ಎಂಬ ಕಸುಬುದಾರ ಕಡೆದ. ಅವರಿಗೆ ಮಾದರಿಯಾದದ್ದು ಜಪಾನಿನಿಂದ ಬಂದ ಬೊಂಬೆ ಎಂಬುದು ಪ್ರತೀತಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಪದಕ ಬಂತು. ಅಲ್ಲಿಂದಾಚೆಗೆ ಅದು ರಷ್ಯದ ಗುರುತೇ ಆಯಿತು. ಅದಕ್ಕೆ ರಷ್ಯದ ರೈತಹೆಂಗಸಿನ ಉಡುಗೆ ತೊಡಿಸಿದವರು ಮಾತ್ರ ರಷ್ಯದವರೇ. ಬೊಂಬೆಯ ಹಂಚಿಕೆ ಎಲ್ಲಿಂದಾದರೂ ಬರಲಿ, ಸೀರೆ ಉಡಿಸುವವರು ನಾವಾಗಿರಬೇಕು.

ಈ ಮಾತಿಗೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿಯ ಕೈಗಾರಿಕೆ, ವಿದ್ಯಾಭ್ಯಾಸಗಳನ್ನು ಕಂಡು ಬಂದಿದ್ದರು. 1912ರಲ್ಲಿ ದಿವಾನರಾದ ಮೇಲೆ ಆ ನೋಟ ಇಲ್ಲಿ ಕೆಲಸ ಮಾಡತೊಡಗಿತು. 1914ರಲ್ಲಿ ಯೂರೋಪಿನ ಮಹಾಯುದ್ಧ ಆರಂಭವಾಗಿ ಜರ್ಮನಿಯ ವ್ಯಾಪಾರ ನಿಂತಿತು. ಹೊರಗೆ ಹೋಗುತ್ತಿದ್ದ ಶ್ರೀಗಂಧದ ಕೊರಡುಗಳು ಉಗ್ರಾಣದಲ್ಲೇ ಉಳಿದವು. ಸಂಸ್ಥಾನವು ಎಣ್ಣೆಯನ್ನು ತಾನೇ ತೆಗೆಯಲು 1916ರಲ್ಲಿ ಮೊದಲುಮಾಡಿತು. ಎಣ್ಣೆಯಿಂದ ಸಾಬೂನು ಮಾಡಬಾರದೇಕೆ ಎಂಬ ವಿಚಾರ ಬಂದಾಗ, ಸೋಸಲೆಯ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರದ ಪದವೀಧರರನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವರು ಕಲಿತು ಹಿಂದಿರುಗಿದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು.

ಶಾಸ್ತ್ರಿಗಳು ರಸಾಯನ ವಿದ್ಯೆಯನ್ನಷ್ಟೇ ತಂದಿದ್ದರೆ ಈ ಲೇಖನದಲ್ಲಿ ಅವರಿಗೆ ಸ್ಥಳವಿರುತ್ತಿರಲಿಲ್ಲ. ಆಗಿನ ಸಾಬೂನುಗಳು ಸಾಮಾನ್ಯವಾಗಿ ಇಟ್ಟಿಗೆಯಂತೆ ಚೌಕನಾಗಿದ್ದರೆ, ಇವರು ತಮ್ಮ ಸಾಬೂನಿಗೆ ಅಂಗೈಗೆ ಒಪ್ಪುವ ಅಂಡಾಕಾರ ಕೊಟ್ಟರು. ಅದನ್ನು ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಇರಿಸಿದರು. ಗುರುತಿಗೆ ಆರಿಸಿದ್ದು ಶರಭವನ್ನು. ಆನೆಯ ತಲೆ, ಸಿಂಹದ ಮೈ. ಮೈಸೂರಿನ ರಾಜಲಾಂಛನದಲ್ಲಿ ಗಂಡಭೇರುಂಡದ ಇಕ್ಕೆಲದಲ್ಲಿ ನಿಂತಿರುವ ಪ್ರಾಣಿಯೇ ಅದು. ಕಲಿತದ್ದು ಇಂಗ್ಲೆಂಡಿನಲ್ಲಿ, ಗಂಧ ನಮ್ಮ ಕಾಡಿನದು, ಗುರುತು ನಮ್ಮ ಪುರಾಣದ್ದು. ವಿನ್ಯಾಸ ಎಂಬ ಮಾತು ನಮ್ಮ ಕಾಲೇಜುಗಳಿಗೆ ಬರುವುದಕ್ಕೆ ಎಷ್ಟೋ ಮೊದಲೇ ಒಬ್ಬ ಕನ್ನಡಿಗ ಅದನ್ನು ಹೀಗೆ ಮಾಡಿ ತೋರಿಸಿದ್ದ. ಆ ಪೆಟ್ಟಿಗೆ ನೂರು ವರ್ಷ ದಾಟಿದರೂ ನಮ್ಮ ಬಚ್ಚಲುಮನೆಗಳಿಗೆ ಬರುತ್ತಲೇ ಇದೆ.

ಎಲ್ಲರ ಪಯಣವೂ ಹೀಗೆ ಸುಖಾಂತವಾಗಲಿಲ್ಲ. ಚಿತ್ರಗಾರ ಕೆ. ವೆಂಕಟಪ್ಪನವರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅದು ಪರದೇಶವಲ್ಲ, ಆದರೆ ಆಗಿನ ಮೈಸೂರಿನ ಹುಡುಗನಿಗೆ ಭಾಷೆ, ಊಟ, ನೀರು ಎಲ್ಲವೂ ಪರದೇಶವೇ. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ್ ಬೋಸರ ಜೊತೆಗಾರರಾಗಿ ಕಲಿತರು. ಹಿಂದಿರುಗಿದ ಮೇಲೆ ಅರಮನೆಯೇ ಅವರಿಗೆ ಕೆಲಸ ಕೊಟ್ಟಿತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು; ಅರಮನೆಯ ಕೆಲಸ ಮುಂದುವರಿಯಲಿಲ್ಲ. ವೆಂಕಟಪ್ಪನವರು ಬೆಂಗಳೂರಿಗೆ ಬಂದು ನೆಲಸಿ, 1965ರಲ್ಲಿ ಕಣ್ಮುಚ್ಚಿದರು. ಅವರ ಹೆಸರಿನ ಚಿತ್ರಶಾಲೆ ಕಬ್ಬನ್ ಉದ್ಯಾನದಲ್ಲಿ ಎದ್ದದ್ದು ಅವರು ಹೋದ ಮೇಲೆ. ಕಳುಹಿಸುವ ಕೈ ಒಬ್ಬನದೇ ಆಗಿದ್ದರೆ, ಆ ಕೈ ಇಲ್ಲವಾದ ದಿನ ಕಲಿತವನು ಒಂಟಿಯಾಗುತ್ತಾನೆ.

ಸ್ವಾತಂತ್ರ್ಯ ಬಂದ ಮೇಲೆ ಆ ಹೊಣೆಯನ್ನು ಸಂಸ್ಥೆಗಳು ಹೊರಬೇಕಾಯಿತು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದಿದವರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷೆಯಾಗಿ ಅವರು ಹಳ್ಳಿಹಳ್ಳಿಯ ಕಸುಬುಗಳನ್ನು ಹುಡುಕಿ ಎತ್ತಿದರು. ಆ ಮಂಡಲಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳಲ್ಲಿ ಒಂದು ಬೆಂಗಳೂರಿಗೆ ಬಂದಿತು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತವನ್ನು ಸುತ್ತಿ ಸರ್ಕಾರಕ್ಕೊಂದು ವರದಿ ಕೊಟ್ಟರು. ದೇಶವೆಲ್ಲ ಸುತ್ತಿದ ಅವರು ಮೆಚ್ಚಿ ಬರೆದದ್ದು ನಮ್ಮ ಮನೆಯ ಚೊಂಬನ್ನು! ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇನ್ನು ಹೊರಗೆ ಹೋದವರಲ್ಲಿ ಸುಧಾಕರ ನಾಡಕರ್ಣಿಯವರು ಜರ್ಮನಿಯ ಊಲ್ಮ್ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ ಕಲಿತು ಬಂದು, 1969ರಲ್ಲಿ ಮುಂಬಯಿಯ ಐ.ಐ.ಟಿ.ಯಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರವನ್ನು ಕಟ್ಟಿದರು. ಒಬ್ಬನ ಪಯಣದ ಖರ್ಚು ನೂರಾರು ಶಿಷ್ಯರ ಬಂಡವಾಳವಾಯಿತು.

ಈ ಚರಿತ್ರೆಯನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಂಡದ್ದು ಒಂದೇ ಸಂಗತಿ. ಹೋದವರಲ್ಲಿ ಫಲ ತಂದವರಿಗೆಲ್ಲ ಎರಡು ವಸ್ತುಗಳಿದ್ದವು. ಹೋಗುವಾಗ ಕೈಯಲ್ಲಿ ತಮ್ಮ ನೆಲದ್ದೇ ಆದ ಒಂದು ಪ್ರಶ್ನೆ ಇತ್ತು. ಬರುವಾಗ ಕಲಿತದ್ದನ್ನು ಇಳಿಸಲು ಒಂದು ಜಾಗ ಇತ್ತು. ಶಾಸ್ತ್ರಿಗಳಿಗೆ ಗಂಧದೆಣ್ಣೆಯ ಪ್ರಶ್ನೆಯಿತ್ತು, ಸಾಬೂನಿನ ಕಾರ್ಖಾನೆ ಕಾದಿತ್ತು. ದಾಸೋಜನಿಗೆ ಬೇಲೂರಿನ ಕಲ್ಲು ಕಾದಿತ್ತು. ವೆಂಕಟಪ್ಪನವರಿಗೆ ಜಾಗ ಸಿಕ್ಕಿತು, ಕೊನೆಯವರೆಗೆ ಉಳಿಯಲಿಲ್ಲ.

ಇಂದು ಹೋಗುವ ದಾರಿಗಳು ಹಿಂದಿಗಿಂತ ಹೆಚ್ಚು. ಜರ್ಮನಿಯ ಡಿ.ಎ.ಎ.ಡಿ., ಜಪಾನ್ ಸರ್ಕಾರದ ಮೆಕ್ಸ್ಟ್, ಯೂರೋಪಿನ ಇರಾಸ್ಮಸ್ ಮುಂಡುಸ್, ಅಮೆರಿಕದ ಫುಲ್‌ಬ್ರೈಟ್-ನೆಹರು ಮೊದಲಾದ ವಿದ್ಯಾರ್ಥಿವೇತನಗಳಿವೆ. ನಮ್ಮ ರಾಜ್ಯವೂ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ಪರದೇಶ ವ್ಯಾಸಂಗಕ್ಕೆ ‘ಪ್ರಬುದ್ಧ’ ಎಂಬ ಯೋಜನೆಯನ್ನು ರೂಪಿಸಿತು. ಆದರೆ ಅರ್ಜಿ ತುಂಬುವ ಕೊನೆಯ ದಿನ ಯಾವುದೆಂದು ನಮ್ಮ ಹಳ್ಳಿಯ ಮನೆಗೆ ಯಾರು ಹೇಳುತ್ತಾರೆ? ಆಗ ಸಂಸ್ಥಾನವು ಹುಡುಗನನ್ನು ಹುಡುಕಿ ಕಳುಹಿಸುತ್ತಿತ್ತು. ಈಗ ಹುಡುಗಿಯೇ ಸಂಸ್ಥೆಯನ್ನು ಹುಡುಕಬೇಕು. ವೇತನ ಸಿಕ್ಕದವರು ಗದ್ದೆಯನ್ನು ನೋಡುತ್ತಾರೆ. ಸಾಲದ ಮೇಲೆ ಹೋದವನು ತನ್ನ ನೆಲದ ಪ್ರಶ್ನೆಯನ್ನು ಮರೆತು, ಸಾಲ ತೀರುವ ಕೆಲಸವನ್ನು ಹುಡುಕಿಕೊಂಡು ಅಲ್ಲಿಯೇ ಉಳಿದರೆ ಅವನನ್ನು ಬಯ್ಯುವ ಹಕ್ಕು ನಮಗಿಲ್ಲ.

ಎರಡು ದಿನದ ಮೇಲೆ ಅಪ್ಪ ಮಗಳು ಇಬ್ಬರೂ ಬಂದರು. ನಾನು ಹುಡುಗಿಯನ್ನು, “ಅಲ್ಲಿ ಏನು ಕೇಳಿಕೊಂಡು ಬರುತ್ತೀಯಮ್ಮ?” ಎಂದೆ. ಅವಳು ಚೀಲದಿಂದ ಚನ್ನಪಟ್ಟಣದ ಒಂದು ಗಿಲಕಿ ತೆಗೆದಳು. “ನಮ್ಮ ಹಾಲೆಮರ ಮೆತ್ತಗಿರೋದು ಮೇಷ್ಟ್ರೇ. ಮಕ್ಕಳು ಎಸೆದಾಡಿದರೂ ಕೀಲು ಬಿಡದ ಹಾಗೆ ಸೇರಿಸೋದು ಹೇಗೆ ಅಂತ ಅಲ್ಲಿಯ ಆಟಿಕೆ ಕೆಲಸದವರನ್ನ ಕೇಳಬೇಕು” ಎಂದಳು. ಪ್ರಶ್ನೆ ಅವಳ ಕೈಯಲ್ಲಿತ್ತು. ಗದ್ದೆಯನ್ನು ಮುಟ್ಟಬೇಡಿ, ಐದು ತಿಂಗಳೇ ತಾನೆ, ಕಬ್ಬಿನ ಹಣ ಬಂದಾಗ ಅದರಲ್ಲಿ ಆಗುವಷ್ಟು ಕೊಡಿ, ಮಿಕ್ಕದ್ದಕ್ಕೆ ಕಾಲೇಜಿನ ಸಹಾಯ ಕೇಳೋಣ ಎಂದು ಅಪ್ಪನಿಗೆ ಹೇಳಿದೆ. ಅರ್ಜಿ ನಾನೇ ಕುಳಿತು ಬರೆಸಿದೆ. ಒಂದಷ್ಟು ಹಣ ಮಂಜೂರಾಯಿತು.

ಫೆಬ್ರವರಿಯಲ್ಲಿ ಅವಳು ಹೊರಟಳು. ನಮ್ಮ ಭಾಷೆಯಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದು ಅಶುಭ. ‘ಹೋಗಿ ಬರುತ್ತೇನೆ’ ಎನ್ನಬೇಕು. ಅವಳೂ ಹಾಗೆಯೇ ಹೇಳಿ ಕಾಲಿಗೆ ನಮಸ್ಕರಿಸಿದಳು. ಬಸ್ಸು ಮರೆಯಾದ ಮೇಲೆ ಅಪ್ಪ ನನ್ನ ಕಡೆ ತಿರುಗಿ, “ಬಂದ್ಮೇಲೆ ಇಲ್ಲಿ ಅವ್ಳಿಗೆ ಕೆಲ್ಸ ಯಾರ್ ಕೊಡ್ತಾರೆ ಮೇಷ್ಟ್ರೇ?” ಎಂದರು.

ಹೋಗುವ ದಾರಿಯ ಚರಿತ್ರೆಯನ್ನು ನಾನು ಹೇಳಬಲ್ಲೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಈ ನಾಡಿನ ಕಾಲೇಜುಗಳು, ಕಾರ್ಖಾನೆಗಳು, ಸರ್ಕಾರ, ಇವನ್ನು ಓದುತ್ತಿರುವ ನಾವು. ಅವಳು ಬರುವುದಕ್ಕೆ ಇನ್ನೂ ಎರಡು ತಿಂಗಳಿದೆ.